ಪರದೇಶದ ಯಂತ್ರ, ನಮ್ಮ ಮನೆಯ ಕರೆಂಟು

ಪರದೇಶದಿಂದ ಬಂದ ನಂಟರು ಪೆಟ್ಟಿಗೆ ಬಿಚ್ಚುವ ದಿನ ಮನೆಯಲ್ಲಿ ಹಬ್ಬದ ಕಳೆ. ದುಬೈಯಿಂದ ತಮ್ಮ ತಂದ ಮೊಬೈಲು, ಅಮೆರಿಕದಿಂದ ಮಗಳು ಕಳುಹಿಸಿದ ಲ್ಯಾಪ್‌ಟಾಪು, ಜಪಾನಿಗೆ ತರಬೇತಿಗೆಂದು ಹೋದವರು ಹೊತ್ತು ತಂದ ಅನ್ನದ ಕುಕ್ಕರು, ಒಂದೊಂದನ್ನೂ ಮನೆಮಂದಿಯೆಲ್ಲ ಕೈಗೆ ತೆಗೆದುಕೊಂಡು ನೋಡುತ್ತಾರೆ. ಆ ಸಡಗರದಲ್ಲಿ ಎಲ್ಲರೂ ಮರೆಯುವ ಒಂದು ಸಣ್ಣ ಕೆಲಸವುಂಟು. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದ್ದು ಕಳೆದ ಮಳೆಗಾಲದಲ್ಲಿ.

ನಮ್ಮ ವಾಚನಾಲಯಕ್ಕೆ ದಿನವೂ ಬರುವ ಸದಸ್ಯರೊಬ್ಬರಿದ್ದಾರೆ. ವಿಜಯಪುರದ ಕಡೆಯವರು, ಇಲ್ಲಿ ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಅವರ ತಾಯಿಗೆ ಉಬ್ಬಸದ ಕಾಯಿಲೆ. ಅಮೆರಿಕದಲ್ಲಿರುವ ಅಳಿಯ, ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಒಳಗೆ ಕಳುಹಿಸುವ ನೆಬ್ಯುಲೈಜರ್ ಯಂತ್ರವನ್ನು ಅತ್ತೆಗೆಂದು ಕಳುಹಿಸಿದ. ಚಪ್ಪಟೆ ಕಡ್ಡಿಯ ಪಿನ್ನು ನಮ್ಮ ಗೋಡೆಯ ತೂತಿಗೆ ಕೂಡದು. ಆದ್ದರಿಂದ ಅಂಗಡಿಯಿಂದ ಒಂದು ಅಡಾಪ್ಟರ್ ತಂದು ಸಿದ್ಧವಾಗಿಟ್ಟರು. ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ತಾಯಿಗೆ ಉಬ್ಬಸ ಏರಿತು. ಸ್ವಿಚ್ಚು ಒತ್ತಿದರು. ಯಂತ್ರ ಎಂದೂ ಕೇಳದ ಜೋರಿನಲ್ಲಿ ಗೊರಗುಟ್ಟಿ, ಕೆಲವೇ ಕ್ಷಣಗಳಲ್ಲಿ ಸುಟ್ಟ ವಾಸನೆ ಬೀರಿ, ಹೊಗೆಯಾಡಿ ನಿಂತಿತು. ಸುರಿಯುವ ಮಳೆಯಲ್ಲಿ ರಿಕ್ಷಾ ಹುಡುಕಿ ತಾಯಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ದೇವರ ದಯೆ, ತಾಯಿ ಉಳಿದರು. ನಾಲ್ಕು ದಿನ ಕಳೆದ ಮೇಲೆ ಅವರು ಆ ಸುಟ್ಟ ಯಂತ್ರವನ್ನು ನಮ್ಮ ಮೇಜಿನ ಮೇಲಿಟ್ಟು ಕೇಳಿದರು: “ಪಿನ್ನು ಬರೋಬ್ಬರಿ ಕುಂತಿತ್ತಲ್ರೀ, ಮತ್ತ್ಯಾಕ ಸುಟ್ಟಿತು? ಅದೇ ಅಳಿಯ ಕಳಿಸಿದ ಲ್ಯಾಪ್‌ಟಾಪು ಇದೇ ಪಿನ್ನಿನ್ಯಾಗ ಎರಡು ವರ್ಷದಿಂದ ನಡ್ಯಾಕ ಹತ್ತೇತಿ!”

ಪ್ರಶ್ನೆ ಸರಿಯಾದದ್ದೇ. ಉತ್ತರವೂ ಕಷ್ಟದ್ದಲ್ಲ. ಪಿನ್ನು ಕೂತಿತೆಂದರೆ ಕರೆಂಟು ಹೊಂದಿತೆಂದಲ್ಲ. ಅಡಾಪ್ಟರ್ ಎಂಬುದು ಕಡ್ಡಿಯ ಆಕಾರವನ್ನು ಬದಲಿಸುತ್ತದೆಯೇ ಹೊರತು ಅದರೊಳಗೆ ಹರಿಯುವ ವಿದ್ಯುತ್ತನ್ನು ಬದಲಿಸುವುದಿಲ್ಲ.

ವಿದ್ಯುತ್ತಿಗೆ ಒಂದು ಒತ್ತಡವುಂಟು. ಅದನ್ನು ಅಳೆಯುವ ಮಾನ ವೋಲ್ಟ್. ಮಹಡಿಯ ಮೇಲಿನ ಟಾಕಿ ಎತ್ತರದಲ್ಲಿದ್ದಷ್ಟೂ ನಲ್ಲಿಯ ನೀರು ರಭಸದಿಂದ ಬರುವಂತೆ, ವೋಲ್ಟ್ ಹೆಚ್ಚಿದಷ್ಟೂ ವಿದ್ಯುತ್ತು ರಭಸದಿಂದ ನುಗ್ಗುತ್ತದೆ. ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟ್. ಅಮೆರಿಕದಲ್ಲಿ ಗೋಡೆಯ ಸಾಕೆಟ್ಟಿನಲ್ಲಿ ದೊರೆಯುವುದು 120, ಜಪಾನಿನಲ್ಲಿ 100. ಇಂಗ್ಲೆಂಡು, ಸಿಂಗಪುರ, ದುಬೈ, ಮಸ್ಕತ್, ಕುವೈತ್ ಇವೆಲ್ಲ ಹೆಚ್ಚುಕಡಿಮೆ ನಮ್ಮಂತೆಯೇ. ಆದಕಾರಣ ಅಲ್ಲಿನ ವಸ್ತುಗಳಿಗೆ ಬಹುಮಟ್ಟಿಗೆ ಪಿನ್ನಿನ ತೊಡಕು ಮಾತ್ರ. ಸೌದಿ ಅರೇಬಿಯಾದ ಮಾತು ಬೇರೆ. ಅಲ್ಲಿ ಬಹುಕಾಲ 127 ವೋಲ್ಟ್ ಬಳಕೆಯಲ್ಲಿತ್ತು. 230ಕ್ಕೆ ಹೋಗುವ ನಿರ್ಧಾರವಾದದ್ದು 2010ರಲ್ಲಿ. ಆದುದರಿಂದ ಅಲ್ಲಿಂದ ಬಂದ ಹಳೆಯ ಸಾಮಾನನ್ನು ನೋಡಿಯೇ ಬಳಸಬೇಕು.

ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ ಏಕೆ? ಇದು ಚರಿತ್ರೆಯ ಗಂಟು. 1882ರಲ್ಲಿ ಎಡಿಸನ್ನನು ನ್ಯೂಯಾರ್ಕಿನಲ್ಲಿ ತೆರೆದ ವಿದ್ಯುತ್ ಕೇಂದ್ರ, ಅಂದಿನ ದೀಪಗಳಿಗೆ ಹೊಂದುವಂತೆ 110 ವೋಲ್ಟಿನ ಆಸುಪಾಸಿನಲ್ಲಿತ್ತು; ಅಮೆರಿಕ ಅದೇ ಜಾಡಿನಲ್ಲಿ ಬೆಳೆಯಿತು. ವೋಲ್ಟನ್ನು ಇಮ್ಮಡಿ ಮಾಡಿದರೆ ಅಷ್ಟೇ ಕೆಲಸಕ್ಕೆ ಅರ್ಧ ಪ್ರವಾಹ ಸಾಕು, ತಂತಿಯ ತಾಮ್ರವೂ ಉಳಿಯುತ್ತದೆ. ಯುರೋಪು ಆ ದಾರಿ ಹಿಡಿಯಿತು. ಒಮ್ಮೆ ಮನೆಮನೆಗೆ ತಂತಿ ಎಳೆದಾದ ಮೇಲೆ ಬದಲಿಸುವುದು ಸುಲಭವಲ್ಲ.

ಈ ಬದಲಾವಣೆಯ ಕಷ್ಟವನ್ನು ಹಾರ್ಬರ್ ಲೈನಿನಲ್ಲಿ ದಿನವೂ ಓಡಾಡುವ ನಾವು ಕಣ್ಣಾರೆ ಕಂಡಿದ್ದೇವೆ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದು ಇದೇ ಹಾರ್ಬರ್ ಮಾರ್ಗದಲ್ಲಿ, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ತಂತಿಯಲ್ಲಿದ್ದುದು 1,500 ವೋಲ್ಟಿನ ನೇರ ಪ್ರವಾಹ. 2016ರ ಏಪ್ರಿಲಿನಲ್ಲಿ ಪನವೇಲದವರೆಗೂ 25,000 ವೋಲ್ಟಿನ ಪರ್ಯಾಯ ಪ್ರವಾಹ ಬಂದಿತು. ಬದಲಾವಣೆಯ ವರ್ಷಗಳಲ್ಲಿ ಮುಂಬಯಿಯಲ್ಲಿ ಎರಡು ಬಗೆಯನ್ನೂ ತಾಳಬಲ್ಲ ಬಂಡಿಗಳು ಓಡುತ್ತಿದ್ದವು. 1,500 ವೋಲ್ಟಿಗೆಂದೇ ಹುಟ್ಟಿದ ಹಳೆಯ ಬಂಡಿಗಳಿಗೆ ಹೊಸ ತಂತಿಯ ಕೆಳಗೆ ಎಡೆಯಿಲ್ಲದಾಯಿತು. ನಮ್ಮ ಸದಸ್ಯರ ಮನೆಯ ಕತೆಯೂ ಇದೇ. ಲ್ಯಾಪ್‌ಟಾಪಿನ ಚಾರ್ಜರು ಎರಡನ್ನೂ ತಾಳುವ ಬಂಡಿ. ನೆಬ್ಯುಲೈಜರು ಒಂದನ್ನೇ ಬಲ್ಲದ್ದು.

ಚಾರ್ಜರು ಹೇಗೆ ತಾಳುತ್ತದೆ? ಇಂದಿನ ಚಾರ್ಜರು ಗೋಡೆಯಿಂದ ಬಂದ ವಿದ್ಯುತ್ತನ್ನು ಮೊದಲು ನೇರ ಪ್ರವಾಹವಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಬೆರಳ ಗಾತ್ರದ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸುತ್ತದೆ. ಹೊರಗೆ ಎಷ್ಟು ಬೇಕೋ ಅಷ್ಟೇ ಬರುವಂತೆ ತುಂಡಿನ ಅಳತೆಯನ್ನು ತಾನೇ ತಿದ್ದಿಕೊಳ್ಳುತ್ತದೆ. ಒಳಗೆ 100 ಬರಲಿ, 240 ಬರಲಿ, ಸಾಧಾರಣ ಮೊಬೈಲಿಗೆ ಹೋಗುವುದು 5 ವೋಲ್ಟೇ. ಹಳೆಯ ಕಾಲದ, ಕೈಗೆ ಭಾರವೆನಿಸುವ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ಈ ಬುದ್ಧಿಯಿಲ್ಲ. 120ನ್ನು 12 ಮಾಡುವುದಕ್ಕೆ ಸುತ್ತಿದ ತಂತಿಗೆ 230 ಕೊಟ್ಟರೆ ಅದು ಸುಮಾರು 23 ಕೊಡಲು ಹೋಗುತ್ತದೆ, ತಾನೂ ಕಾದು ಸುಡುತ್ತದೆ.

ಕಾಯಿಸುವ ಸಾಮಾನಿನ ಲೆಕ್ಕ ಇನ್ನೂ ಘೋರ. ಇಸ್ತ್ರಿಪೆಟ್ಟಿಗೆ, ಕೆಟಲು, ಕೂದಲು ಒಣಗಿಸುವ ಯಂತ್ರ ಇವುಗಳಲ್ಲಿ ಶಾಖವು ವೋಲ್ಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 120ರ ಜಾಗದಲ್ಲಿ 230 ಕೊಟ್ಟರೆ ಒತ್ತಡ ಎರಡು ಪಟ್ಟಿಗೆ ತುಸು ಕಡಮೆ, ಶಾಖ ಮಾತ್ರ ಮೂರೂವರೆ ಪಟ್ಟಿಗೂ ಹೆಚ್ಚು. ಸಾವಿರ ವಾಟ್ಟಿನ ಇಸ್ತ್ರಿಪೆಟ್ಟಿಗೆ 3,600 ವಾಟ್ಟಿಗೂ ಮೀರಿ ಎಳೆಯುತ್ತದೆ. ನಮ್ಮ ಗೋಡೆಯ 6 ಆಂಪಿಯರಿನ ಸಣ್ಣ ಸಾಕೆಟ್ಟು ತಾಳುವುದು ಸುಮಾರು 1,380 ವಾಟ್ಟು. ಹೀಗಿರುವಲ್ಲಿ ಸುಡುವುದು ಯಂತ್ರ ಮಾತ್ರವೆಂದು ಹೇಳುವಂತಿಲ್ಲ.

ಹಾಗಾದರೆ ಮಾಡಬೇಕಾದ ಆ ಸಣ್ಣ ಕೆಲಸ ಯಾವುದು? ಓದುವುದು. ಚಾರ್ಜರಿನ ಮೈಮೇಲೆ, ಯಂತ್ರದ ತಳದಲ್ಲಿ ಅಥವಾ ಬೆನ್ನಿನಲ್ಲಿ, ಸಾಸಿವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ‘ಇನ್‌ಪುಟ್’ ಎಂದು ಬರೆದ ಒಂದು ಸಾಲಿರುತ್ತದೆ. ಅಲ್ಲಿ 100–240 ಎಂದಿದ್ದರೆ, ಅದರ ಪಕ್ಕದಲ್ಲಿ 50/60 ಎಂದೂ ಇದ್ದರೆ, ಅದು ಯಾವ ದೇಶದಲ್ಲಿಯೂ ನಡೆಯುತ್ತದೆ. ಪಿನ್ನನ್ನು ಮಾತ್ರ ಹೊಂದಿಸಿಕೊಳ್ಳಿರಿ. ಬರಿಯ 100, 110, 120 ಅಥವಾ 127 ಎಂದಿದ್ದರೆ ನಮ್ಮ ಗೋಡೆಗೆ ಅದನ್ನು ಮುಟ್ಟಿಸಲೇಬಾರದು. ಕೆಲವು ಯಂತ್ರಗಳ ಬೆನ್ನಿನಲ್ಲಿ 115 ಮತ್ತು 230ರ ನಡುವೆ ಸರಿಸುವ ಚಿಕ್ಕ ಗುಂಡಿಯಿರುತ್ತದೆ. ಪಿನ್ನು ಹಾಕುವ ಮೊದಲೇ ಅದನ್ನು 230ಕ್ಕೆ ಸರಿಸಬೇಕು. ಸಾಲು ಅಳಿಸಿ ಹೋಗಿದ್ದರೆ ಊಹೆಯ ಮೇಲೆ ಹಾಕಬೇಡಿರಿ.

ಆ 50 ಮತ್ತು 60 ಏನೆಂದು ಕೆಲವರು ಕೇಳಬಹುದು. ಪರ್ಯಾಯ ಪ್ರವಾಹ ಸೆಕೆಂಡಿಗೆ ಎಷ್ಟು ಆವರ್ತ ಮಾಡುತ್ತದೆಂಬ ಎಣಿಕೆ ಅದು. ನಮ್ಮಲ್ಲಿ 50, ಅಮೆರಿಕದಲ್ಲಿ 60. ಜಪಾನಿನ ಕತೆ ಸ್ವಾರಸ್ಯದ್ದು. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಯಂತ್ರ ತರಿಸಿಕೊಂಡುದರಿಂದ, ಇಂದಿಗೂ ಆ ದೇಶದ ಪೂರ್ವಭಾಗದಲ್ಲಿ 50, ಪಶ್ಚಿಮಭಾಗದಲ್ಲಿ 60. ನಮ್ಮ ಮೈಸೂರು ಸೀಮೆಗೂ ಇಂಥದೊಂದು ನೆನಪುಂಟು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಆವರ್ತದ್ದು. ಈ ಎಣಿಕೆಯನ್ನು ಅನುಸರಿಸಿ ಓಡುವ 60 ಆವರ್ತದ ಗೋಡೆಗಡಿಯಾರವನ್ನು ಇಲ್ಲಿ ಹಾಕಿದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಂಥ ಮೋಟಾರೂ ನಿಧಾನವಾಗಿ ತಿರುಗಿ ಹೆಚ್ಚು ಕಾಯುತ್ತದೆ.

‘ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡರಾಯಿತಲ್ಲ’ ಎನ್ನಬಹುದು. ಆಗುತ್ತದೆ, ಆದರೆ ಅದು ಆವರ್ತವನ್ನು ಬದಲಿಸುವುದಿಲ್ಲ. ಯಂತ್ರ ಎಳೆಯುವ ವಾಟ್ಟಿಗಿಂತ ಅದರ ಶಕ್ತಿ ಕಾಲುಭಾಗವಾದರೂ ಹೆಚ್ಚಿರಬೇಕು. ಇಸ್ತ್ರಿಪೆಟ್ಟಿಗೆಗೆ ಸಾಲುವಂಥದು ಇಟ್ಟಿಗೆಯಂತೆ ಭಾರ, ಬೆಲೆಯೂ ಹೆಚ್ಚು. ಅದಕ್ಕಿಂತ ಇಲ್ಲಿಯದೇ ಹೊಸ ಇಸ್ತ್ರಿಪೆಟ್ಟಿಗೆ ಕೊಳ್ಳುವುದು ಲೇಸು. ನೆಬ್ಯುಲೈಜರಿನಂಥ ಪ್ರಾಣದ ಸಾಮಾನನ್ನಂತೂ ವೈದ್ಯರನ್ನು ಕೇಳಿ ಇಲ್ಲಿಯೇ ಕೊಳ್ಳಿರಿ. ಪರದೇಶದ ನಂಟರಿಗೆ ಅದನ್ನು ಮೊದಲೇ ತಿಳಿಸಿಬಿಟ್ಟರೆ ಅವರ ಹಣವೂ ಉಳಿದೀತು. ಮೊಬೈಲಿನ ಚಾರ್ಜರೂ ಅಷ್ಟೆ: ತಂತಿ ಬೇರೆ, ಚಾರ್ಜರು ಬೇರೆಯಾಗಿರುವ ಈ ಕಾಲದಲ್ಲಿ, ಭಾರತೀಯ ಮಾನಕ ಸಂಸ್ಥೆಯ ಗುರುತೂ ನೋಂದಣಿ ಸಂಖ್ಯೆಯೂ ಇರುವ ಇಲ್ಲಿಯ ಚಾರ್ಜರನ್ನು ಕೊಂಡರೆ ಪಿನ್ನಿನ ಗೊಡವೆಯೇ ಇಲ್ಲ.

ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಮ್ಮೆನ್ನುವುದುಂಟೆಂದು ಹಲವರು ಹೇಳುತ್ತಾರೆ. ಮೂರು ಕಡ್ಡಿಯ ಪಿನ್ನನ್ನು ಎರಡು ಕಡ್ಡಿಯ ಅಗ್ಗದ ಅಡಾಪ್ಟರಿಗೆ ತುರುಕಿದಾಗ ಮೂರನೆಯದಾದ ಅರ್ಥಿಂಗ್ ಕಡಿದು ಹೋಗುತ್ತದೆ. ಜುಮ್ಮೆನ್ನಲು ಸಾಮಾನ್ಯವಾಗಿ ಅದೇ ಕಾರಣ. ಒಂದರೊಳಗೊಂದು ಎರಡು ಚೌಕದ ಗುರುತುಳ್ಳ ಚಾರ್ಜರಿಗೆ ಅರ್ಥಿಂಗ್ ಬೇಕಿಲ್ಲ. ಉಳಿದವಕ್ಕೆ ಮೂರು ಕಡ್ಡಿಯೂ ಕೂಡುವ ಅಡಾಪ್ಟರೇ ಆಗಬೇಕು. ಖಾಡಿಯ ತೇವದ ಗಾಳಿ, ಮಳೆಗಾಲದ ಒದ್ದೆ ನೆಲ, ಬರಿಗಾಲು ಇವು ಮೂರೂ ಕೂಡುವ ನಮ್ಮ ಬೇಲಾಪುರದಲ್ಲಿ ಇದು ಸಣ್ಣ ಮಾತಲ್ಲ.

ಕೊನೆಗೆ, ಒಂದೇ ಖೋಲಿಯಲ್ಲಿ ಆರೆಂಟು ಜನ ಕೂಡಿರುವ ನಮ್ಮ ಕೂಲಿಕಾರ ಬಂಧುಗಳಿಗೆ ಒಂದು ಮಾತು. ಒಂದೇ ಬೋರ್ಡಿನಲ್ಲಿ ಎಂಟು ಮೊಬೈಲು ಚಾರ್ಜ್ ಮಾಡಿದರೆ ಭಾರ ದೊಡ್ಡದಲ್ಲ. ಅದೇ ಬೋರ್ಡಿಗೆ ನೀರು ಕಾಯಿಸುವ ರಾಡನ್ನೂ ಸಿಕ್ಕಿಸಿದರೆ ಅಪಾಯ. ಚಾರ್ಜ್ ಆಗುವ ಮೊಬೈಲನ್ನು ದಿಂಬಿನ ಕೆಳಗೆ ಇಡಬೇಡಿರಿ. ಬ್ಯಾಟರಿ ಉಬ್ಬಿದ್ದರೆ ಮತ್ತೆ ಚಾರ್ಜಿಗೆ ಹಾಕಬೇಡಿರಿ. ಯಾರಿಗಾದರೂ ಕರೆಂಟು ಹೊಡೆದರೆ ಮೊದಲು ಮೇನ್ ಸ್ವಿಚ್ಚು ಆರಿಸಿ, ಆಮೇಲೆ ಮುಟ್ಟಿರಿ.

ನಮ್ಮ ಆ ಸದಸ್ಯರು ಈಗ ಇಲ್ಲಿಯದೇ ನೆಬ್ಯುಲೈಜರ್ ಕೊಂಡಿದ್ದಾರೆ, ತಾಯಿ ಕ್ಷೇಮ. ಸುಟ್ಟ ಯಂತ್ರವನ್ನು ಅವರು ಮರಳಿ ಒಯ್ಯಲಿಲ್ಲ. ಅದನ್ನು ನಾವು ಪತ್ರಿಕೆಗಳ ಕಪಾಟಿನ ಮೇಲೆ ಇಟ್ಟಿದ್ದೇವೆ. ಅದರ ತಳದಲ್ಲಿ 120 ಎಂಬ ಅಂಕಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ನಿಮ್ಮ ಮನೆಗೆ ಪರದೇಶದ ಪೆಟ್ಟಿಗೆ ಬಂದರೆ, ಓದಲು ಬಾರದ ಸಾಲೇನಾದರೂ ಇದ್ದರೆ, ಸಾಮಾನನ್ನು ಸಂಜೆ ಇಲ್ಲಿಗೆ ತನ್ನಿರಿ. ಮೇಜಿನ ಖಾನೆಯಲ್ಲಿ ಭೂತಕನ್ನಡಿಯಿದೆ, ಕೂಡಿ ಓದೋಣ.