ಹಳೆಯ ಕಾರಿಗೆ ಹೊಸ ಕೀಲು

ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಮೋಟಾರು ಕಾರಿನ ಉಸಾಬರಿ ಏಕೆ ಎಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಆ ಮೆಟ್ಟಿಲಿನವರೆಗೆ ನನ್ನನ್ನು ತಂದುದು ಒಂದು ಹಳೆಯ ಮಾರುತಿ 800. ನಮ್ಮ ತಂದೆಯವರು ದಿನವೂ ಬೆಳಗಿನ ಜಾವ ಅದರಲ್ಲಿ ಬನ್ನು, ಬ್ರೆಡ್ಡು, ರಸ್ಕುಗಳನ್ನು ತುಂಬಿಕೊಂಡು ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಹಾಕಿ ಬರುತ್ತಾರೆ. 1983ರಲ್ಲಿ ರಸ್ತೆಗೆ ಬಂದ ಈ ಮಾದರಿಯ ತಯಾರಿಕೆ 2014ರಲ್ಲಿ ನಿಂತಿತು. ನಮ್ಮದು 2006ರದು. ಮೀಟರು 1,80,000 ಕಿಲೋಮೀಟರು ತೋರಿಸುತ್ತದೆ. ಅದು ಎಷ್ಟು ಸತ್ಯವಂತನೋ ಹಿಂದಿನ ಮಾಲೀಕರೇ ಬಲ್ಲರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ಮುಂಭಾಗದಲ್ಲಿ ಕಟಕಟ ಶಬ್ದ ಆರಂಭವಾಯಿತು. ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುವುದು ಬೇರೆ. ಸಲಹೆಗಳಿಗೇನೂ ಬರವಿರಲಿಲ್ಲ. ನಾಲ್ಕೂ ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿ ಎಂದರು ಒಬ್ಬರು. ಗುಜರಿಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ ಎಂದರು ಇನ್ನೊಬ್ಬರು. ಮನೆಯಲ್ಲಿದ್ದ ಹಣವೆಂದರೆ ನನ್ನ ಎಂ.ಎ. ಪ್ರವೇಶಕ್ಕೆಂದು ಅಮ್ಮ ಸಂಘದಲ್ಲಿ ಕೂಡಿಟ್ಟದ್ದು ಮಾತ್ರ. ಅದಕ್ಕೆ ಕೈಹಾಕುವ ಮುನ್ನ ನಿಜವಾಗಿ ಕೆಟ್ಟಿರುವುದು ಯಾವುದೆಂದು ತಿಳಿಯುವುದು ನನ್ನ ಪಾಲಿಗೆ ಬಂತು. ಎರಡು ಭಾನುವಾರ ಗ್ಯಾರೇಜಿನಲ್ಲಿ ಕುಳಿತು ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಆದರೆ ಒಮ್ಮೆ ಕುಗ್ಗಿದ ಸ್ಪ್ರಿಂಗು ತಾನಾಗಿ ಸುಮ್ಮನಾಗುವುದಿಲ್ಲ. ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆ ಆಟವನ್ನು ಅಡಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದರ ಕೊಳವೆಯೊಳಗೆ ಎಣ್ಣೆಯುಂಟು. ಕೊಂತವು ಆ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ದೂಡುವಾಗ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಗ್ಯಾಸ್ ಶಾಕು ಎಂದು ಮಾರುವುದರಲ್ಲಿಯೂ ಎಣ್ಣೆಯೇ ಇರುವುದು; ಆ ಎಣ್ಣೆ ನೊರೆಯೇಳದಿರಲೆಂದು ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿರುತ್ತಾರೆ, ಅಷ್ಟೇ. ನಮ್ಮ ಕಾರಿನ ಮುಂಭಾಗದಲ್ಲಿ ಇವೆರಡೂ ಸೇರಿ ಸ್ಟ್ರಟ್ ಎಂಬ ಒಂದೇ ಕಂಬವಾಗಿವೆ. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು ರೂಪಿಸಿದ ಈ ಏರ್ಪಾಡು 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಫೋರ್ಡ್ ಕಾರುಗಳಿಗೆ ಬಂದು, ಅಗ್ಗವೂ ಹಗುರವೂ ಆದುದರಿಂದ ಸಣ್ಣ ಕಾರುಗಳಿಗೆಲ್ಲ ಹಬ್ಬಿತು.

ಇಷ್ಟನ್ನು ಕೇಳಿದವರಿಗೆ ಶಾಕೇ ಸರ್ವಸ್ವ ಎನಿಸುವುದು ಸಹಜ. ನನಗೂ ಹಾಗೆಯೇ ಎನಿಸಿತ್ತು. ಮೇಸ್ತ್ರಿಗಳು ನಕ್ಕು, ಜಾಕು ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸಿ ನೋಡು ಎಂದರು. ಚಕ್ರ ಹಳೆಯ ಹಲ್ಲಿನಂತೆ ಆಡಿತು. ಕೆಳಗಿನ ತೋಳನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟು ಸವೆದಿತ್ತು. ತೋಳಿನ ಇನ್ನೊಂದು ತುದಿಯ ರಬ್ಬರ್ ಬುಷ್ಷೂ ಸೀಳಿ ಹೋಗಿತ್ತು; ಬ್ರೇಕು ಒತ್ತಿದಾಗ ತೋಳು ಹಿಂದೆ ಸರಿದು ಕಾರು ಎಡಕ್ಕೆ ಎಳೆಯುತ್ತಿದ್ದುದು ಅದರಿಂದ.

“ತಮ್ಮಾ, ಶಾಕು ಸತ್ರೆ ಸೊಂಟ ನೋಯುತ್ತೆ. ಬಾಲ್ ಜಾಯಿಂಟು ಬಿಟ್ರೆ ಚಕ್ರಾನೇ ಮಲಗುತ್ತೆ. ಯಾವುದು ಮೊದ್ಲು, ನೀನೇ ಹೇಳು” ಎಂದರು ಮೇಸ್ತ್ರಿಗಳು.

ನಾನು ಏನೂ ಹೇಳಲಿಲ್ಲ. ತಂದೆಯವರು ಅದೇ ಕಾರಿನಲ್ಲಿ ಅಂದು ಬೆಳಿಗ್ಗೆ ನಾಲ್ಕು ಗಂಟೆಗೆ ಘಾಟಿಯ ರಸ್ತೆ ಇಳಿದು ಬಂದಿದ್ದರು.

ಆದುದರಿಂದ ಬಹಳ ಓಡಿದ ಕಾರಿನಲ್ಲಿ ಮೊದಲ ಹಣ ಬಾಲ್ ಜಾಯಿಂಟು, ಸ್ಟೇರಿಂಗಿನ ರಾಡುಗಳ ತುದಿ, ತೋಳಿನ ಬುಷ್ ಇವುಗಳಿಗೆ ಸಲ್ಲಬೇಕು. ಇವು ಕಣ್ಣಿಗೆ ಕಾಣುವ ಸಾಮಾನುಗಳಲ್ಲ, ಬೆಲೆಯೂ ದೊಡ್ಡದಲ್ಲ. ಹಳೆಯ ತೋಳಿನಿಂದ ಬುಷ್ ಕಳಚಿ ಹೊಸದನ್ನು ಒತ್ತಿ ಕೂರಿಸಲು ಯಂತ್ರ ಬೇಕು, ಕೂಲಿ ಬೇಕು. ಜಾಯಿಂಟು ಬುಷ್ಷುಗಳ ಸಮೇತ ಇಡೀ ತೋಳನ್ನೇ ಹಾಕಿಸುವುದು ನಮಗೆ ಲಾಭವೆಂದು ಕಂಡಿತು. ಬುಷ್ಷಿನಲ್ಲಿ ಪಾಲಿಯುರೆಥೇನ್ ಎಂಬ ಗಟ್ಟಿ ಜಾತಿಯೊಂದುಂಟು. ಬಾಳಿಕೆ ಹೆಚ್ಚಾದರೂ ರಸ್ತೆಯ ನಡುಕವನ್ನೆಲ್ಲ ಒಳಗೆ ದಾಟಿಸುತ್ತದೆ. ಪಂದ್ಯದ ಕಾರಿಗೆ ಸರಿ, ರಸ್ಕಿನ ಕಾರಿಗೆ ರಬ್ಬರೇ ಲೇಸು. ಬುಷ್ಷಿನ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಕಾರು ಚಕ್ರದ ಮೇಲೆ ನಿಂತ ಮೇಲೆಯೇ. ಜಾಕಿನ ಮೇಲಿದ್ದಾಗ ಬಿಗಿದರೆ, ಕಾರು ಇಳಿದೊಡನೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುತ್ತದೆ. ಗ್ಯಾರೇಜಿನ ಆತುರದಲ್ಲಿ ಇದನ್ನು ಮರೆಯುವವರು ಉಂಟಂತೆ. ಪಕ್ಕದಲ್ಲಿ ನಿಂತು ನೆನಪಿಸಲು ನಾಚಬಾರದು.

ಇನ್ನು ಶಾಕಿನ ವಿಚಾರ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ನಿಲ್ಲದೆ ಮತ್ತೆ ಮತ್ತೆ ಕುಣಿದರೆ ಶಾಕು ಮುಗಿದಂತೆಯೇ. ಆದರೆ ಕುಣಿಯದಿದ್ದ ಮಾತ್ರಕ್ಕೆ ಚೆನ್ನಾಗಿದೆಯೆಂದು ಅರ್ಥವಲ್ಲ. ಕೊಳವೆಯ ಮೇಲೆ ಎಣ್ಣೆ ಸೋರಿದ ಗುರುತು, ಟೈರಿನಲ್ಲಿ ಅಲ್ಲಲ್ಲಿ ಬಟ್ಟಲಿನಂಥ ಸವೆತ, ಇವನ್ನೂ ನೋಡಬೇಕು. ಬದಲಾಯಿಸುವಾಗ ಎಡಬಲ ಎರಡನ್ನೂ ಕೂಡಿಯೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಜೋಡೆತ್ತಿನಲ್ಲಿ ಒಂದು ಕುಂಟಿದಂತೆ. ಸ್ಟ್ರಟ್ ಬಿಚ್ಚಿದಾಗ ತಲೆಯ ಮೇಲಿನ ರಬ್ಬರು, ಬೇರಿಂಗುಗಳನ್ನೂ ಹಾಕಿಸಿಬಿಡುವುದು ಜಾಣತನ, ಏಕೆಂದರೆ ಕೂಲಿ ಒಂದೇ. ಒತ್ತಿ ಹಿಡಿದ ಸ್ಪ್ರಿಂಗು ಸಿಡಿದರೆ ಮನುಷ್ಯ ಉಳಿಯುವುದು ಕಷ್ಟ. ಮನೆಯ ಅಂಗಳದಲ್ಲಿ ಈ ಸಾಹಸ ಬೇಡ. ಸ್ಪ್ರಿಂಗುಗಳಂತೂ ಶಾಕಿಗಿಂತ ಬಹುಕಾಲ ಬಾಳುತ್ತವೆ. ಎರಡೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು, ಒಂದೇ ಎತ್ತರವಿದ್ದರೆ, ಸುರುಳಿ ಮುರಿಯದಿದ್ದರೆ, ಅವನ್ನು ಮುಟ್ಟಬೇಕಾಗಿಲ್ಲ.

ಗುಜರಿಯ ಮಾಲಿನ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾಗಿದೆ, ಕಾರಣವೂ ಉಂಟು. ಎರಡು ವರ್ಷದ ಹಿಂದೆ ಅಗ್ಗವೆಂದು ತಂದ ಹಿಂದಿನ ಜೋಡಿ ಶಾಕು ಮಿರಮಿರ ಮಿಂಚುತ್ತಿತ್ತು. ಮೂರು ತಿಂಗಳಲ್ಲಿ ಕರಿಯ ಬಣ್ಣ ಕಳಚಿ, ಅಡಿಯಿಂದ ತುಕ್ಕೂ ಎಣ್ಣೆಯೂ ಹೊರಬಂದವು. ಬಾಗಿಲು, ಕನ್ನಡಿ, ದೀಪಗಳನ್ನು ಗುಜರಿಯಿಂದ ತಂದರೆ ಬಾಧಕವಿಲ್ಲ. ಸವೆದು ಸಾಯುವ ವಸ್ತುವನ್ನು ಇನ್ನೊಬ್ಬರು ಅರ್ಧ ಸವೆಸಿದ ಮೇಲೆ ಕೊಂಡು ತರುವುದರಲ್ಲಿ ಯಾವ ಅರ್ಥಶಾಸ್ತ್ರವೂ ನನಗೆ ಕಾಣದು. ಕಾರು ಕಂಪೆನಿಯ ಮುದ್ರೆಯದೇ ಆಗಬೇಕೆಂದೂ ಇಲ್ಲ. ಹೆಸರುಳ್ಳ ತಯಾರಕರ ಹೊಸ ಮಾಲು, ಬಿಲ್ಲು ಸಹಿತ, ಗೊತ್ತಿರುವ ಅಂಗಡಿಯಲ್ಲಿ ಸಿಕ್ಕರೆ ಸಾಕು.

ಕೊನೆಗೆ ಎರಡೂ ಮುಂದಿನ ತೋಳುಗಳನ್ನು ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆವು. ಇದನ್ನು ಬಿಟ್ಟರೆ ಹೊಸ ಕೀಲುಗಳೇ ಟೈರನ್ನು ತಿನ್ನಿಸುತ್ತವೆ. ಖರ್ಚು ನಾಲ್ಕು ಶಾಕುಗಳಿಗೆ ಹೇಳಿದ್ದರ ಅರ್ಧದಷ್ಟೂ ಆಗಲಿಲ್ಲ. ಉಳಿದುದನ್ನು ಅಮ್ಮ ಎರಡು ಸಲ ಎಣಿಸಿ ಪೆಟ್ಟಿಗೆಯಲ್ಲಿಟ್ಟರು. ಗುಜರಿಯ ಅನುಭವವಾದ ಮೇಲೆ ಹಿಂದಕ್ಕೆ ಹಾಕಿಸಿದ್ದ ಶಾಕುಗಳು ಸೋರುತ್ತಿಲ್ಲವಾದರೂ ಬಳಲಿವೆ. ಅವುಗಳ ಸರದಿ ಯುಗಾದಿಯ ನಂತರ. ಅಲ್ಲಿಯವರೆಗೆ ತಂದೆಯವರು ರಸ್ಕಿನ ಡಬ್ಬಗಳನ್ನು ಎರಡು ಕಡಿಮೆ ಹೇರಿಕೊಂಡು ಹೋಗುತ್ತಿದ್ದಾರೆ.