ಅಲಗಿನ ಗುಣವನ್ನು ಅಳೆಯುವ ಬಗೆ

ಅಲಗು ಹಿಡಿಯೊಳಗೆ ಮಡಚಿಕೊಳ್ಳದೆ ಸದಾ ಚಾಚಿಕೊಂಡೇ ಇರುವ, ಕೆಲಸವಿಲ್ಲದಾಗ ಒರೆಯಲ್ಲಿ ಇರಿಸಬೇಕಾದ ಚಾಕುವನ್ನು ಸ್ಥಿರ ಅಲಗಿನ ಚಾಕು ಎಂದು ಕರೆಯಲಾಗುತ್ತದೆ. ಮಡಚುವ ಚಾಕುವಿನಲ್ಲಿರುವ ಕೀಲು ಇದರಲ್ಲಿ ಇಲ್ಲದ್ದರಿಂದ ಸಡಿಲಗೊಳ್ಳುವ ಭಾಗವೇ ಇರುವುದಿಲ್ಲ. ಹಗ್ಗ ಕತ್ತರಿಸುವುದು, ಗೂಟ ಕೆತ್ತುವುದು, ಗೋಣಿಚೀಲದ ಹೊಲಿಗೆ ಬಿಚ್ಚುವುದು ಮೊದಲಾದ ಹತ್ತಾರು ಕೆಲಸಗಳಿಗೆ ಅದು ಒದಗಿಬರುತ್ತದೆ. ಇಂಥ ಹೊಸ ಚಾಕು ಕೈಸೇರಿದಾಗ ಜನರು ಸಾಮಾನ್ಯವಾಗಿ ಒಂದು ಹಾಳೆಯನ್ನು ಸೀಳಿ ನೋಡುತ್ತಾರೆ. ಆದರೆ ಆ ಪರೀಕ್ಷೆಯಿಂದ ತಿಳಿಯುವುದು ಕಾರ್ಖಾನೆಯಲ್ಲಿ ಕೊನೆಯದಾಗಿ ಹಿಡಿದ ಸಾಣೆಯ ಗುಣ ಮಾತ್ರ. ಚಾಕುವಿನ ಗುಣ ನಿಂತಿರುವುದು ಉಕ್ಕು, ಹದ ಮತ್ತು ಆಕಾರ ಎಂಬ ಮೂರರ ಹೊಂದಾಣಿಕೆಯ ಮೇಲೆ. ಈ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸದೆ ನೀಡಿದ ತೀರ್ಪು ಬಹುಕಾಲ ನಿಲ್ಲುವುದಿಲ್ಲ.

ಇದನ್ನು ವಿವರಿಸಲು ಸ್ವೀಡನ್ ದೇಶದ ಮೋರಾ ಚಾಕು ಉತ್ತಮ ನಿದರ್ಶನ. ದಾಲಾರ್ನಾ ಪ್ರಾಂತ್ಯದ ಮೋರಾ ಪಟ್ಟಣದ ಸಮೀಪದ ಓಸ್ಟ್ನೋರ್ ಗ್ರಾಮದಲ್ಲಿ, ಉತ್ತರ ಅಮೆರಿಕದಿಂದ ಹಿಂತಿರುಗಿದ ಫ್ರಾಸ್ಟ್ ಎರಿಕ್ ಎರ್ಸನ್ 1891ರಲ್ಲಿ ಮರದ ದಿಮ್ಮಿ ಸಾಗಿಸುವ ಜಾರುಬಂಡಿಗಳ ಕಾರ್ಖಾನೆಯೊಂದನ್ನು ತೆರೆದರು. ಅಲ್ಲಿಯೇ ಚಾಕುಗಳ ತಯಾರಿಕೆಯೂ ಬೆಳೆಯಿತು. ಬಡಗಿಗಳು, ಮೀನುಗಾರರು ಮತ್ತು ಕಟ್ಟಡ ಕಾರ್ಮಿಕರು ಇಂದಿಗೂ ಬಳಸುವ ಈ ಚಾಕುವಿನ ಸಾಮಾನ್ಯ ಮಾದರಿಯ ಅಲಗು ಸುಮಾರು 10 ಸೆಂ.ಮೀ. ಉದ್ದವಾಗಿಯೂ 2.5 ಮಿ.ಮೀ. ದಪ್ಪವಾಗಿಯೂ ಇರುತ್ತದೆ. ಬೆಲೆಯಲ್ಲಿ ಅಗ್ಗವಾದರೂ ದುಬಾರಿ ಚಾಕುಗಳೊಡನೆ ಸರಿಸಮನಾಗಿ ಇದನ್ನು ಹೋಲಿಸಲಾಗುತ್ತದೆ.

ಪರಿಶೀಲನೆಯ ಮೊದಲ ಅಂಶ ಉಕ್ಕು. ಮೋರಾದ ತುಕ್ಕುನಿರೋಧಕ ಅಲಗುಗಳಿಗೆ ಬಹುಕಾಲ ಬಳಕೆಯಾದ 12ಸಿ27 ಎಂಬ ಸ್ವೀಡಿಷ್ ಉಕ್ಕಿನಲ್ಲಿ ಶೇ. 0.6ರಷ್ಟು ಇಂಗಾಲವೂ ಶೇ. 13.5ರಷ್ಟು ಕ್ರೋಮಿಯಂ ಕೂಡ ಇರುತ್ತವೆ. ಇಂಗಾಲವು ಉಕ್ಕಿಗೆ ಗಡಸುತನ ತಂದರೆ, ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರವನ್ನು ನಿರ್ಮಿಸಿ ತುಕ್ಕನ್ನು ತಡೆಯುತ್ತದೆ. ಇವೆರಡನ್ನೂ ಬೇಕಾದಷ್ಟು ಹೆಚ್ಚಿಸುತ್ತ ಹೋಗಲು ಬರುವುದಿಲ್ಲ. ಹೆಚ್ಚಾದ ಇಂಗಾಲ ಕ್ರೋಮಿಯಂನೊಡನೆ ಕೂಡಿ ಕಾರ್ಬೈಡ್ ಎಂಬ ಅತಿ ಗಟ್ಟಿಯಾದ ಕಣಗಳಾಗುತ್ತದೆ. ಆ ಕಣಗಳು ಸವೆತವನ್ನು ತಡೆಯುತ್ತವೆಯಾದರೂ ಗಾತ್ರದಲ್ಲಿ ದೊಡ್ಡವಾದರೆ ತೆಳುವಾದ ಅಂಚಿನಿಂದ ಕಿತ್ತುಬಂದು ಅಲ್ಲಿ ಹಲ್ಲುಗಳನ್ನು ಮೂಡಿಸುತ್ತವೆ. ಶೇ. 1.5ರಷ್ಟು ಇಂಗಾಲವಿರುವ ಡಿ2 ಉಕ್ಕು ಹೆಚ್ಚು ಕಾಲ ಸವೆಯದೆ ಉಳಿಯುವುದಕ್ಕೂ, ಸಾಣೆಗೆ ಸುಲಭವಾಗಿ ಬಗ್ಗದಿರುವುದಕ್ಕೂ ಇದೇ ಕಾರಣ. 12ಸಿ27ರ ಕಾರ್ಬೈಡ್ ಕಣಗಳು ಸಣ್ಣವಾದ್ದರಿಂದ ಅದು ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಕ್ರೋಮಿಯಂ ಇಲ್ಲದ ಇಂಗಾಲದ ಉಕ್ಕು ಸೂಕ್ಷ್ಮ ಅಂಚನ್ನು ಪಡೆಯುವುದಾದರೂ, ಬಾಳೆದಿಂಡು ಮತ್ತು ಹಸಿ ಅಡಿಕೆಯ ಒಗರು, ಹುಣಸೆ ನಿಂಬೆಗಳ ಹುಳಿ ತಗುಲಿದೊಡನೆ ಕಪ್ಪಾಗುತ್ತದೆ. ಆದುದರಿಂದ ಕರಾವಳಿ ಮತ್ತು ಮಲೆನಾಡಿನ ಮಳೆಗಾಲಕ್ಕೆ ತುಕ್ಕುನಿರೋಧಕ ಅಲಗೇ ಹೆಚ್ಚು ಹೊಂದುತ್ತದೆ.

ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ಮುಖ್ಯ. ಅಲಗನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದಾಗ ಇಂಗಾಲದ ಪರಮಾಣುಗಳು ಕಬ್ಬಿಣದೊಳಗೆ ಕರಗುತ್ತವೆ. ತಟ್ಟನೆ ತಣಿಸಿದಾಗ ಅವು ಹೊರಬರಲು ಸಮಯ ಸಾಲದೆ ಸಿಕ್ಕಿಕೊಂಡು, ಮಾರ್ಟೆನ್ಸೈಟ್ ಎಂಬ ಬಿಗಿಯಾದ ಹರಳು ರಚನೆ ಉಂಟಾಗುತ್ತದೆ. ಈ ಸ್ಥಿತಿಯಲ್ಲಿ ಉಕ್ಕು ಬಹಳ ಗಡಸಾಗಿದ್ದರೂ ಸುಲಭವಾಗಿ ಒಡೆಯುವಂಥದ್ದಾಗಿರುವುದರಿಂದ, ಅದನ್ನು ಮತ್ತೆ ಸುಮಾರು 200 ಡಿಗ್ರಿಗೆ ಕಾಯಿಸಿ ತುಸು ಸಡಿಲಿಸಲಾಗುತ್ತದೆ. ಫಲಿತಾಂಶವನ್ನು ಅಳೆಯುವುದು ರಾಕ್‌ವೆಲ್ ಪರೀಕ್ಷೆ. ಮೊದಲು 10 ಕಿಲೋಗ್ರಾಂ, ಬಳಿಕ ಒಟ್ಟು 150 ಕಿಲೋಗ್ರಾಂ ಭಾರದಿಂದ ವಜ್ರದ ಶಂಕುವನ್ನು ಉಕ್ಕಿಗೆ ಒತ್ತಿ, ಅದು ಇಳಿದ ಆಳದಿಂದ ಅಂಕ ಲೆಕ್ಕಹಾಕುತ್ತಾರೆ, ಪ್ರತಿ 0.002 ಮಿ.ಮೀ. ಆಳಕ್ಕೆ ಒಂದು ಅಂಕ ಕಡಿಮೆಯಾಗುತ್ತದೆ. ಬಹುಮಟ್ಟಿನ ಕೆಲಸದ ಚಾಕುಗಳು 56ರಿಂದ 60 ಅಂಕಗಳ ನಡುವೆ ಇರುತ್ತವೆ. ಇದಕ್ಕಿಂತ ಕೆಳಗಿನ ಅಂಚು ಬಾಗಿ ಮಡಚಿಕೊಳ್ಳುವ ಸಂಭವ ಹೆಚ್ಚು, ಬಹಳ ಮೇಲಿನದು ಚಕ್ಕೆ ಏಳುವ ಸಂಭವ ಹೆಚ್ಚು.

ಮೂರನೆಯದಾದ ಆಕಾರವನ್ನು ಅಳತೆಪಟ್ಟಿಯೊಂದರಿಂದಲೇ ಅರಿಯಬಹುದು. ಮೋರಾದ ಅಲಗಿನಲ್ಲಿ ಎರಡು ಚಪ್ಪಟೆ ಇಳಿಜಾರುಗಳು ನೇರವಾಗಿ ಅಂಚಿನಲ್ಲಿ ಕೂಡುತ್ತವೆ.  ಅಲಗು 2.5 ಮಿ.ಮೀ. ದಪ್ಪವಿದ್ದು ಇಳಿಜಾರಿನ ಎತ್ತರ 6 ಮಿ.ಮೀ. ಇದ್ದರೆ, ಅರ್ಧ ದಪ್ಪವನ್ನು ಎತ್ತರದಿಂದ ಭಾಗಿಸಿದಾಗ ಸಿಗುವ ಟ್ಯಾಂಜೆಂಟ್ ಮೌಲ್ಯದಿಂದ ಅಂಚಿನ ಪೂರ್ಣ ಕೋನ ಸುಮಾರು 23.5 ಡಿಗ್ರಿ ಎಂದು ತಿಳಿಯುತ್ತದೆ. ಇಂಥ ಅಂಚು ಮರವನ್ನು ಚೆನ್ನಾಗಿ ಕೆತ್ತುತ್ತದೆ, ಇಡೀ ಇಳಿಜಾರನ್ನೇ ಸಾಣೆಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿಯೇ ಸರಿಹೋಗುತ್ತದೆ. ಆದರೆ ಅಂಚಿನ ಹಿಂದೆ ದಪ್ಪವು ಬೇಗ ಏರುವುದರಿಂದ ಗಜ್ಜರಿಯಂಥ ಗಟ್ಟಿ ತರಕಾರಿಯನ್ನು ಅದು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಬೆಣೆಯಂತೆ ಸೀಳುತ್ತದೆ.

ಕತ್ತರಿಸುವ ಚಲನೆಯೂ ಲೆಕ್ಕಕ್ಕೆ ಬರುತ್ತದೆ. ಕೆಳಗೆ ಒತ್ತುವುದರ ಜೊತೆಗೆ ಅಲಗನ್ನು ಉದ್ದಕ್ಕೂ ಎಳೆದರೆ ಬೇಕಾದ ಒತ್ತಡ ಗಣನೀಯವಾಗಿ ಇಳಿಯುತ್ತದೆ ಎಂಬುದನ್ನು ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಹಸಂಶೋಧಕರು 2012ರಲ್ಲಿ ಮೃದು ಜೆಲ್‌ಗಳ ಮೇಲಿನ ಪ್ರಯೋಗದಿಂದ ವಿವರಿಸಿದರು. ಕನ್ನಡ ನಾಡಿನ ಈಳಿಗೆಮಣೆಯ ಬಾಗಿದ ಅಲಗಿನಲ್ಲಿಯೂ ಇದೇ ತತ್ತ್ವವಿದೆ: ಕಾಯಿಯನ್ನು ನೇರವಾಗಿ ತಳ್ಳಿದರೂ ಅಂಚಿನ ಬಾಗಿನಿಂದಾಗಿ ಅದು ಅಂಚಿನುದ್ದಕ್ಕೂ ಸ್ವಲ್ಪ ಜಾರುತ್ತದೆ. ಆದ್ದರಿಂದ ಎರಡು ಚಾಕುಗಳನ್ನು ಹೋಲಿಸುವಾಗ ಒತ್ತಿ ಕತ್ತರಿಸಿದ ಫಲವನ್ನು ಎಳೆದು ಕತ್ತರಿಸಿದ ಫಲದೊಡನೆ ಬೆರೆಸಬಾರದು.

ಈ ವ್ಯತ್ಯಾಸಗಳನ್ನು ತೊಡೆಯಲೆಂದೇ ಯಂತ್ರದ ಪರೀಕ್ಷೆಗಳು ರೂಪುಗೊಂಡಿವೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿರುವ ಕ್ಯಾಟ್ರಾ ಸಂಸ್ಥೆಯ ಯಂತ್ರದಲ್ಲಿ ಅಲಗನ್ನು ಮೇಲ್ಮುಖವಾಗಿ ಬಿಗಿದು, ಶೇ. 5ರಷ್ಟು ಸಿಲಿಕಾ ಬೆರೆಸಿದ ಕಾಗದದ ಕಟ್ಟನ್ನು 50 ನ್ಯೂಟನ್ ಬಲದಿಂದ ಅದರ ಮೇಲೆ ಒತ್ತಿ, ಅಲಗನ್ನು ಹಿಂದೆಮುಂದೆ ಚಲಾಯಿಸುತ್ತಾರೆ. ಮೊದಲ ಕೆಲವು ಸುತ್ತುಗಳಲ್ಲಿ ಕತ್ತರಿಸಿದ ಆಳವು ಆರಂಭದ ಹರಿತವನ್ನೂ, 60 ಸುತ್ತುಗಳ ಒಟ್ಟು ಆಳವು ಆ ಹರಿತದ ಬಾಳಿಕೆಯನ್ನೂ ಸೂಚಿಸುತ್ತದೆ. ಐಎಸ್‌ಒ 8442-5 ಎಂಬ ಅಂತರರಾಷ್ಟ್ರೀಯ ಮಾನಕ ಈ ಎರಡನ್ನೂ ಪ್ರತ್ಯೇಕ ಸಂಖ್ಯೆಗಳಾಗಿಯೇ ದಾಖಲಿಸುತ್ತದೆ. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಲೇಬೇಕೆಂದಿಲ್ಲ. ಮನೆಯಲ್ಲಿ ಇದಕ್ಕೆ ಹತ್ತಿರದ ಪರೀಕ್ಷೆ ಮಾಡಲು ಅಡುಗೆಮನೆಯ ತೂಕದ ಯಂತ್ರದ ಮೇಲೆ ಮರದ ತುಂಡನ್ನಿಟ್ಟು, ಅದರ ಮೇಲೆ ಒಂದೇ ದಪ್ಪದ ನಾರಿನ ಹಗ್ಗವನ್ನು ಅಲಗಿನ ಒಂದೇ ಭಾಗದಿಂದ ಮತ್ತೆ ಮತ್ತೆ ಕತ್ತರಿಸಿ, ಹಗ್ಗ ತುಂಡಾಗುವ ಗಳಿಗೆಯ ತೂಕವನ್ನು ಬರೆದುಕೊಳ್ಳಬಹುದು. ತೂಕ ಏರುತ್ತ ಹೋಗುವ ವೇಗವೇ ಅಲಗು ಮೊಂಡಾಗುವ ವೇಗ.

ಆದರೂ ಅಂಚು ಮೊಂಡಾಗುವುದು ಸವೆತದಿಂದ ಮಾತ್ರವಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಕ್ಷೌರದ ಅಲಗುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರಿಶೀಲಿಸಿ, ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಕೂಡ ಅಂಚಿನಿಂದ ಚಕ್ಕೆ ಎಬ್ಬಿಸಬಲ್ಲದೆಂದು ತೋರಿಸಿದರು. ಕೂದಲು ಓರೆಯಾಗಿ ಬಾಗಿ ಅಂಚಿನ ಪಕ್ಕಕ್ಕೆ ಒತ್ತಿದಾಗ, ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ಕೆಲಸದ ಚಾಕುವನ್ನು ಗಂಟುಮರದಲ್ಲಿ ಹೊರಳಿಸುವುದು ಅಥವಾ ಅದರಿಂದ ಮುಚ್ಚಳ ಮೀಟುವುದು ಅಂಚಿಗೆ ಏಕೆ ಕೇಡು ಎಂಬುದನ್ನು ಈ ಅಧ್ಯಯನ ಚೆನ್ನಾಗಿ ಮನದಟ್ಟು ಮಾಡುತ್ತದೆ.

ಹಿಡಿ ಮತ್ತು ಒರೆಯ ಪರಿಶೀಲನೆ ಸುರಕ್ಷತೆಯ ವಿಷಯ. ಒದ್ದೆ ಕೈಯಲ್ಲಿ ಹಿಡಿ ಜಾರದಿರಬೇಕು, ಬೆರಳು ಅಲಗಿನತ್ತ ಸರಿಯದಂತೆ ಮುಂಭಾಗದಲ್ಲಿ ಉಬ್ಬಿರಬೇಕು, ಒರೆಯನ್ನು ತಲೆಕೆಳಗಾಗಿ ಹಿಡಿದರೂ ಚಾಕು ಬೀಳಬಾರದು. ಹಿಡಿಯೊಳಗೆ ಸೇರಿರುವ ಅಲಗಿನ ಬಾಲ ಹಿಡಿಯ ತುದಿಯವರೆಗೂ ಹೋಗದಿದ್ದರೂ ಆ ಚಾಕು ಕೆತ್ತನೆಗೆ ಸಾಕಷ್ಟು ಗಟ್ಟಿಯಾಗಿಯೇ ಇರುತ್ತದೆ. ಆದರೆ ಬೆನ್ನಿನ ಮೇಲೆ ಹೊಡೆದು ಸೌದೆ ಸೀಳುವ ಕೆಲಸಕ್ಕೆ ಅದನ್ನು ಬಳಸಬಾರದು.

ಕಾರ್ಖಾನೆಯ ವೇಗದ ಸಾಣೆಪಟ್ಟಿ ಅಂಚಿನ ತೀರಾ ತೆಳುವಾದ ಭಾಗವನ್ನು ಕಾಯಿಸಿ ಅಲ್ಲಿನ ಹದವನ್ನು ಕೆಡಿಸಿರುವ ಸಾಧ್ಯತೆಯುಂಟು. ಆ ಭಾಗ ಕೈಯ ಸಾಣೆಯಲ್ಲಿ ಕಳಚಿಹೋದ ನಂತರವೇ ಒಳಗಿನ ಉಕ್ಕು ಹೊರಬರುತ್ತದೆ. ಹಾಗಾಗಿ ಹೊಸ ಚಾಕುವಿನ ಪರೀಕ್ಷೆಯನ್ನು ಕೊಂಡ ದಿನ ಒಮ್ಮೆ, ಬಳಸುವವರೇ ನೀರುಕಲ್ಲಿನ ಮೇಲೆ ಸಾಣೆ ಹಿಡಿದ ಮೇಲೆ ಇನ್ನೊಮ್ಮೆ, ಅದೇ ಹಗ್ಗದಿಂದ ಅದೇ ಕ್ರಮದಲ್ಲಿ ನಡೆಸಬೇಕು. ಎರಡನೆಯ ಬಾರಿಯ ಅಂಕಿಗಳು ಮೊದಲಿನವಕ್ಕೆ ಸಮನಾಗಿದ್ದರೆ ಅಥವಾ ಅವುಗಳಿಗಿಂತ ಉತ್ತಮವಾಗಿದ್ದರೆ, ಸಾಣೆಯೂ ಸಲೀಸಾಗಿ ಮುಗಿದಿದ್ದರೆ, ಆ ಚಾಕುವನ್ನು ಬೆಲೆಯನ್ನಾಗಲಿ ಉಕ್ಕಿನ ಹೆಸರನ್ನಾಗಲಿ ನೋಡದೆ ಒಳ್ಳೆಯದೆಂದು ಒಪ್ಪಬಹುದು. ಏಕೆಂದರೆ ಕೆಲಸದ ಚಾಕು ತನ್ನ ಬಾಳಿನ ಬಹುಪಾಲನ್ನು ಕಾರ್ಖಾನೆಯ ಅಂಚಿನಿಂದಲ್ಲ, ಬಳಸುವವರು ಮತ್ತೆ ಮತ್ತೆ ಕೊಟ್ಟ ಅಂಚಿನಿಂದ ಕಳೆಯುತ್ತದೆ.