ಸಡಿಲವಾದ ಹಲ್ಲಿನ ಸೆಟ್ಟು, ಒಣಗಿದ ಬಾಯಿ

ಹಲ್ಲಿನ ಸೆಟ್ಟು ಧರಿಸುವ ಹಿರಿಯರಲ್ಲಿ ಅನೇಕರು ನಮ್ಮ ಬಳಿಗೆ ತರುವ ದೂರು ಒಂದೇ: ‘ಮೊದಲು ಸರಿಯಾಗಿ ಕೂಡುತ್ತಿತ್ತು, ಈಗ ಮಾತನಾಡುವಾಗಲೇ ಜಾರುತ್ತದೆ, ಅಂಟು ಎಷ್ಟು ಹಚ್ಚಿದರೂ ನಿಲ್ಲದು.’ ಇಂಥವರಿಗೆ ನಾವು ಮೊದಲು ಕೇಳುವುದು ಹಲ್ಲಿನ ವಿಚಾರವನ್ನಲ್ಲ. ರಾತ್ರಿ ಬಾಯಾರಿ ಎಷ್ಟು ಸಲ ಏಳುತ್ತೀರಿ, ರೊಟ್ಟಿಯ ತುತ್ತು ನೀರಿಲ್ಲದೆ ಗಂಟಲಿಗೆ ಇಳಿಯುತ್ತದೆಯೇ ಎಂದು ಕೇಳುತ್ತೇವೆ.

ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರಿದ್ದರೆ ಅವು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುವುದೂ ಹೀಗೆಯೇ, ಲಾಲಾರಸದ ತೆಳುವಾದ ಪದರದಿಂದ. ಅದು ಬತ್ತಿದರೆ ಸೆಟ್ಟು ಜಾರುವುದಷ್ಟೇ ಅಲ್ಲ, ವಸಡನ್ನು ಉಜ್ಜಿ ಹುಣ್ಣು ಮಾಡುತ್ತದೆ. ಬಾಯಲ್ಲಿ ಶಿಲೀಂಧ್ರವೂ ಬೆಳೆಯುತ್ತದೆ. ಬರಬರುತ್ತ ಹಿರಿಯರು ಗಂಜಿಗೇ ಸೀಮಿತರಾಗಿ, ಪಂಕ್ತಿಯಲ್ಲಿ ಕೂತು ಉಣ್ಣಲು ಸಂಕೋಚಪಟ್ಟು ಕೃಶರಾಗುತ್ತಾರೆ.

ಆಯುರ್ವೇದವು ನಾಲಿಗೆಯನ್ನು ಆರ್ದ್ರವಾಗಿರಿಸಿ ರುಚಿಯನ್ನು ತಿಳಿಸುವ ಕಫವನ್ನು ಬೋಧಕ ಕಫವೆಂದು ಕರೆಯುತ್ತದೆ. ವೃದ್ಧಾಪ್ಯ ವಾತಪ್ರಧಾನ, ರೂಕ್ಷತೆ ಅದರ ಗುಣ. ಆದರೆ ‘ವಯಸ್ಸಾಯಿತು’ ಎಂದು ಅಲ್ಲಿಗೇ ಬಿಡುವುದು ತಪ್ಪು. ಬಾಯಿ ಒಣಗುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ನಿತ್ಯ ಸೇವಿಸುವ ಮಾತ್ರೆಗಳೇ: ಮೂತ್ರ ಹೆಚ್ಚಿಸುವ ಮಾತ್ರೆ, ಅಲರ್ಜಿ ಮತ್ತು ನೆಗಡಿಯ ಮಾತ್ರೆ, ಖಿನ್ನತೆಯ ಔಷಧ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಔಷಧ. ಹತೋಟಿ ತಪ್ಪಿದ ಮಧುಮೇಹವೂ ಒಂದು ಕಾರಣ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಕೂಡದು. ಎಲ್ಲ ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು, ಬರೆದುಕೊಟ್ಟ ವೈದ್ಯರ ಮುಂದೆ ಸುರಿಯಬೇಕು. ಬದಲಿ ಮಾತ್ರೆಯೋ ಕಡಿಮೆ ಪ್ರಮಾಣವೋ ಸಾಧ್ಯವಾದೀತು.

ಇನ್ನು ಅಂಟಿನ ವಿಚಾರ. ಅದು ತೇವವನ್ನು ಹೀರಿ ಉಬ್ಬಿದರೆ ಮಾತ್ರ ಹಿಡಿಯುತ್ತದೆ. ಆದ್ದರಿಂದ ಬಾಯಿ ಒಣಗುವವರು ಸೆಟ್ಟನ್ನು ತುಸು ಒದ್ದೆ ಮಾಡಿ, ಮೂರು-ನಾಲ್ಕು ಸಣ್ಣ ಚುಕ್ಕೆಯಷ್ಟೇ ಹಚ್ಚಿ, ಕೆಲ ಕ್ಷಣ ಒತ್ತಿ ಹಿಡಿಯಬೇಕು. ಹೆಚ್ಚು ಹಚ್ಚಿದಷ್ಟೂ ಬಿಗಿ ಎಂಬುದು ಭ್ರಮೆ, ಅಪಾಯಕರವೂ ಹೌದು. ಕೆಲವು ಅಂಟುಗಳಲ್ಲಿ ಸತು ಇರುತ್ತದೆ. ವಾರಗಟ್ಟಲೆ ಬರಬೇಕಾದ ಟ್ಯೂಬುಗಳನ್ನು ವಾರಕ್ಕೆ ಎರಡರಂತೆಯೋ ಹೆಚ್ಚಾಗಿಯೋ ವರ್ಷಗಟ್ಟಲೆ ಬಳಸಿದ ರೋಗಿಗಳಲ್ಲಿ ಸತು ಮಿತಿಮೀರಿ, ತಾಮ್ರದ ಕೊರತೆಯುಂಟಾಗಿ ನರಗಳು ಹಾನಿಗೊಂಡದ್ದನ್ನು ಅಮೆರಿಕದ ವೈದ್ಯರು 2008ರಲ್ಲಿ ವರದಿ ಮಾಡಿದರು. ಸತುರಹಿತವಾದುದನ್ನೇ ಕೇಳಿ ಕೊಳ್ಳುವುದು ಲೇಸು. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆಗ ದಂತವೈದ್ಯರಿಂದ ಸೆಟ್ಟಿನ ಒಳಪದರವನ್ನು ಹೊಂದಿಸಿಕೊಳ್ಳಬೇಕೇ ಹೊರತು ಅಂತರವನ್ನು ಅಂಟಿನಿಂದ ತುಂಬಬಾರದು.

ಬಾಯಿಗೆ ಹಿತವಾಗಲು ಗುಟುಕು ಗುಟುಕಾಗಿ ನೀರು ಸಾಕು. ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದು ನೀರಿಗೆ ಮಿತಿ ಹೇಳಿಸಿಕೊಂಡವರು ಬಾಯಿ ಒದ್ದೆ ಮಾಡಿಕೊಂಡರೆ ಸಾಕು. ಎಳ್ಳೆಣ್ಣೆಯ ಗಂಡೂಷ ರೂಕ್ಷತೆಗೆ ಹಿತ. ಆದರೆ ಸೆಟ್ಟನ್ನು ತೆಗೆದಿಟ್ಟು ಮಾಡತಕ್ಕದ್ದು. ಎಣ್ಣೆಯ ಜಿಡ್ಡು ಉಳಿದರೆ ಅಂಟು ಹಿಡಿಯದು. ನುಂಗಲು ತೊಂದರೆಯಿರುವವರು ಎಣ್ಣೆಯನ್ನು ಬಾಯಿ ತುಂಬ ಹಿಡಿಯದೆ, ಬೆರಳಿನಿಂದ ವಸಡಿಗೆ ಸವರಿಕೊಳ್ಳಲಿ. ಜ್ಯೇಷ್ಠಮಧು ಚೀಪಿದರೆ ಬಾಯಿ ಒದ್ದೆಯಾಗುವುದು ನಿಜ, ಆದರೆ ಅದು ರಕ್ತದೊತ್ತಡ ಏರಿಸಬಲ್ಲದು, ಬಿ.ಪಿ. ಇರುವವರಿಗೆ ನಾವು ಹೇಳುವುದಿಲ್ಲ. ತಂಬಾಕು ಬೆರೆತ ಎಲೆಯಡಿಕೆ ಬೇಡವೇ ಬೇಡ.

ರಾತ್ರಿ ಸೆಟ್ಟನ್ನು ತೆಗೆದು, ಅಂಟನ್ನು ಪೂರ್ತಿ ಒರೆಸಿ, ಉಜ್ಜಿ ತೊಳೆದು ತಣ್ಣೀರಿನಲ್ಲಿಡಿ. ಕುದಿನೀರು ಹಾಕಿದರೆ ಅದು ಸೊಟ್ಟಗಾಗುತ್ತದೆ.